ತೂಕ ತಪ್ಪಿದ ದಿನ

ಮೂಡಲಗಿಯ ಗರಡಿಮನೆಯ ಬಾಗಿಲಿಗೆ ಸುಶಾಂತ ಬಂದು ನಿಂತಾಗ ಒಳಗೆ ಇಬ್ಬರು ಹುಡುಗಿಯರು ಮ್ಯಾಟಿನ ಮೇಲೆ ಒಬ್ಬರನ್ನೊಬ್ಬರು ಕೆಡವಲು ಹೆಣಗುತ್ತಿದ್ದರು. ಅರಭಾವಿಯ ತೋಟಗಾರಿಕೆ ಕಾಲೇಜಿನ ನರ್ಸರಿಯಲ್ಲಿ ಮಾವಿನ ಸಸಿಗೆ ಕಸಿ ಕಟ್ಟುತ್ತಿದ್ದವನು ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದ. ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿತ್ತು.

“ಪಾರವ್ವ ಅಂದ್ರ ಯಾರ್ರಿ?”

ಮೇಲಿದ್ದವಳು ತಲೆಯೆತ್ತಿದಳು. ಎದುರಾಳಿಯನ್ನು ಬಿಟ್ಟು ಎದ್ದು, ಹಣೆಗೆ ಅಂಟಿದ ಕೂದಲನ್ನು ಮುಂಗೈಯಿಂದ ಸರಿಸಿ ಅವನನ್ನು ನೋಡಿದಳು. ಎದೆ ಏರಿಳಿಯುತ್ತಿತ್ತು, ಕಣ್ಣು ಮಾತ್ರ ಅಲುಗಾಡಲಿಲ್ಲ.

“ನಾನ ರಿ. ಏನಾಗಬೇಕಿತ್ತು?”

ಅವನು ಮೊಬೈಲನ್ನು ಅವಳ ಮುಖದ ಮುಂದೆ ಹಿಡಿದ. ಕೊರಳಲ್ಲಿ ಹಾರ ಹಾಕಿಕೊಂಡ ಪಾರವ್ವ, ಅವಳ ಪಕ್ಕದಲ್ಲಿ ಕೂದಲೆಲ್ಲ ಉದುರಿದ ಆರು ವರ್ಷದ ಹುಡುಗಿ. ಕೆಳಗೆ ದಪ್ಪ ಅಕ್ಷರ: ‘ಕ್ಯಾನ್ಸರ್ ಪೀಡಿತ ಬಾಲಕಿಗೆ ಕುಸ್ತಿಪಟುವಿನ ಸಾಂತ್ವನ.’ ಊರು, ಓಣಿ, ಅಪ್ಪನ ಹೆಸರು ಎಲ್ಲ ಇತ್ತು.

“ಇಕಿ ನಮ್ಮ ಅಕ್ಕನ ಮಗಳು, ಆಮ್ರಪಾಲಿ. ಕೂಸಿಗಿ ಏನಾಗೈತಿ ಅಂತ ನಮ್ಮೂರ ಧುಪದಾಳದಾಗ ನಾವು ಯಾರಿಗೂ ಹೇಳಿದ್ದಿಲ್ಲ. ನಿನ್ನಿಯಿಂದ ಮನಿಮುಂದ ಮಂದಿ ಸಾಲ ಹಚ್ಯಾರ, ನೋಡಾಕ. ಮಂದ್ಯಾಗ ಬಿಡಬ್ಯಾಡ್ರಿ, ಸೋಂಕ ತಗಲತೈತಿ ಅಂತ ಡಾಕ್ಟರ್ ಹೇಳ್ಯಾರ. ಕಿಡಕ್ಯಾಗ ನಿಂತು ಹುಡುಗೂರು ‘ಬೋಳಿ, ಬೋಳಿ’ ಅಂದ್ವು. ನಿನ್ನಿಯಿಂದ ಚಾದರ ತಲಿಮ್ಯಾಲಿಂದ ತಗದಿಲ್ಲ ಆಕಿ.” ಅವನು ಮೊಬೈಲನ್ನು ಜೇಬಿಗಿಳಿಸಿದ. “ಹೆಸರ ಬೇಕಾಗಿತ್ತಂದ್ರ ಗೆದ್ದು ತಗೋರಿ. ಕೂಸಿನ ತಲಿ ತೋರಿಸಿ ತಗೋಬ್ಯಾಡ್ರಿ.”

ಪಾರವ್ವ ಗೋಡೆಗೆ ತೂಗುಹಾಕಿದ್ದ ಚೀಲದಿಂದ ತನ್ನ ಮೊಬೈಲ್ ತೆಗೆದು, ಅವನ ಎದುರಿಗೇ ಫೋನ್ ಹಚ್ಚಿದಳು. ಆ ಕಡೆ, ದವಾಖಾನೆಯಲ್ಲಿ ಕೂಸಿನ ವಿಷಯ ತಿಳಿದು ಅವಳನ್ನು ಆ ಮನೆಗೆ ಕರೆದೊಯ್ದಿದ್ದ ಯುವಕ ಸಂಘದ ಕಾರ್ಯದರ್ಶಿ ಬೀರಸಿದ್ದಪ್ಪ.

“ಅಣ್ಣಾ, ಕೂಸಿನ ಜೋಡಿ ಹೊಡದ ಫೋಟೋ ಈಗಿಂದೀಗ ತಗಿ. ಎಷ್ಟರ ಮಂದಿ ನೋಡ್ಲಿ, ನನಗ ಬ್ಯಾಡ. ಎಲ್ಲಾ ಗ್ರೂಪಿನಾಗಿಂದೂ ತಗಿ. ಇಲ್ಲಾಂದ್ರ ನಾ ಅಲ್ಲಿಗೇ ಬರ್ತೇನಿ. ಬಂದ್ರ ಮಾತಾಡಾಕ ಬರಂಗಿಲ್ಲ.”

ಫೋನ್ ಇಟ್ಟಳು. ಸುಶಾಂತನ ಸಿಟ್ಟಿಗೆ ನಿಲ್ಲಲು ಜಾಗವೇ ಇಲ್ಲದಂತಾಯಿತು.

“ಫೋಟೋ ಹಿಂಗ ಹಾಕ್ತಾರ ಅಂತ ನನಗ ಗೊತ್ತಿರಲಿಲ್ಲ ಅಂದ್ರ ನಂಬ್ತೀರೇನ್ರಿ?”

“ಇಲ್ಲ.”

“ಖರೆ ಐತಿ. ನಾನಾಗಿದ್ರೂ ನಂಬ್ತಿರಲಿಲ್ಲ.” ಅವಳು ತಲೆ ತಗ್ಗಿಸಿದಳು. “ಬಂದು ಆ ಕೂಸಿಗಿ ತಪ್ಪಾತು ಅಂತ ಹೇಳ್ಲ್ಯಾ?”

“ಬ್ಯಾಡ್ರಿ. ಬರಬ್ಯಾಡ್ರಿ,” ಅಂದು ಅವನು ಹೊರಟುಬಂದ.

ಆದರೂ ಅವಳು ಬಂದಳು.

ಭಾನುವಾರ ಮಧ್ಯಾಹ್ನ ಬಸ್ಸಿಳಿದು, ಒಬ್ಬಳೇ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು. ಬಾಗಿಲು ತೆಗೆದವಳು ಸುಶಾಂತನ ತಾಯಿ ಉದ್ದವ್ವ. ಒಳಗಿನ ಖೋಲಿಯಲ್ಲಿ ಬಾಬಾಸಾಹೇಬರ ಫೋಟೋದ ಕೆಳಗೆ ಮಂಚ, ಮಂಚದ ಮೇಲೆ ಚಾದರದ ಒಂದು ಗುಡ್ಡೆ. ಪಕ್ಕದಲ್ಲಿ ಸುಶಾಂತನ ಅಕ್ಕ ಸಂಘಮಿತ್ರಾ. ಅವಳ ಗಂಡ ಲಾರಿ ಡ್ರೈವರ್. ತಿಂಗಳಲ್ಲಿ ನಾಲ್ಕು ದಿನ ಊರಲ್ಲಿದ್ದರೆ ಹೆಚ್ಚು.

ಪಾರವ್ವ ಒಳಗೆ ಹೋಗಲಿಲ್ಲ. ಹೊಸ್ತಿಲ ಆಚೆಯೇ ನೆಲಕ್ಕೆ ಕೂತಳು.

“ಆಮ್ರು, ತಪ್ಪಾತು ಬೇ. ನಿನ್ನ ಕೇಳದ ನಿನ್ನ ಫೋಟೋದಾಗ ಬಂದೆ ನಾ.”

ಗುಡ್ಡೆ ಅಲುಗಾಡಲಿಲ್ಲ. ಬಹಳ ಹೊತ್ತಿನ ಮೇಲೆ ಒಳಗಿನಿಂದ ದನಿ ಬಂತು. “ನಿನ್ನ ಕಿವಿ ಯಾಕ ಹಂಗದಾವು?”

“ಕುಸ್ತ್ಯಾಗ ತಿಕ್ಕಿ ತಿಕ್ಕಿ ಬಾತಾವು.”

“ಚಂದ ಇಲ್ಲ.”

“ಗೊತ್ತೈತಿ. ಮಂದಿ ನಗ್ತಾರ. ಕೂದಲ ಬಿಟ್ಟು ಮುಚ್ಚಿಗೋ ಅಂತಾನ ನಮ್ಮಪ್ಪ. ಮುಚ್ಚಿಗೊಂಡ್ರ ಕುಸ್ತಿ ಹೆಂಗ ಆಡೂದು?”

ಚಾದರದ ಅಂಚು ಎದ್ದಿತು. ಎರಡು ಕಣ್ಣು ಹೊರಗೆ ಬಂದವು.

“ಮುಟ್ಲ್ಯಾ?”

“ನಿಂದ್ರು, ಕೈ ಮುಖಾ ತೊಳ್ಕೊಂಡ ಬರ್ತೇನಿ. ಆಮ್ಯಾಲ ಮುಟ್ಟುವಂತಿ.”

ಅಡುಗೆಮನೆಯ ಬಾಗಿಲಲ್ಲಿ ಕೈ ಕಟ್ಟಿ ನಿಂತಿದ್ದ ಸುಶಾಂತ ನೋಡುತ್ತಿದ್ದ. ಆಮ್ರು ಚಾದರ ಬಿಟ್ಟು ಮಂಚದ ಅಂಚಿಗೆ ಸರಿದು, ಆ ಗಟ್ಟಿಯಾದ ಕಿವಿಯನ್ನು ಬೆರಳ ತುದಿಯಿಂದ ಮುಟ್ಟಿ, “ಗಜ್ಜರಿ ಇದ್ದಂಗೈತಿ,” ಅಂದು ಕಿಸಕ್ಕನೆ ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಎಷ್ಟೋ ದಿನವಾಗಿತ್ತು. ಪಾರವ್ವ ಕತ್ತು ಬಾಗಿಸಿದಂತೆಯೇ ಕಣ್ಣೆತ್ತಿ ಅವನನ್ನು ನೋಡಿದಳು. ಮಾಸ್ಕಿನ ಮೇಲಿನ ಆ ಕಣ್ಣುಗಳು ‘ಈಗಾದರೂ ನಂಬ್ತೀರೇನು?’ ಎಂದು ಕೇಳುವಂತಿದ್ದವು. ಸುಶಾಂತ ಬೇರೆ ಕಡೆ ನೋಡಿದ.

“ನಮ್ಮ ಮನ್ಯಾಗ ಚಾ ಕುಡೀತಿ ಏನವಾ?” ಉದ್ದವ್ವ ಸಂಕೋಚದಿಂದಲೇ ಕೇಳಿದಳು. ಆ ಪ್ರಶ್ನೆಯ ಹಿಂದೆ ಏನಿದೆ ಎಂದು ಅಲ್ಲಿದ್ದ ದೊಡ್ಡವರಿಗೆಲ್ಲ ಗೊತ್ತಿತ್ತು.

“ಕುಡೀತೇನಿ ಬೇ. ಸಕ್ಕರಿ ಮಾತ್ರ ಹಾಕಬ್ಯಾಡ್ರಿ. ತೂಕ ಏರತೈತಿ.”

ಆಮೇಲೆ ಅವಳು ಬಿಡುವಿದ್ದಾಗಲೆಲ್ಲ ಬರತೊಡಗಿದಳು. ಒಂದು ಸಲ ನೆಗಡಿಯಾಗಿದ್ದಾಗ ಬಂದು ಕಿಟಕಿಯ ಆಚೆಯಿಂದಲೇ ಮಾತಾಡಿಸಿ ಹೋದಳು. ಆಮ್ರುವಿಗೆ ಮಂಚದ ಮೇಲೆ ಕೂತೇ ಪಟ್ಟು ಹಾಕುವುದನ್ನು ಕಲಿಸಿದಳು. ಕೂಸಿನ ಬಡಕಲು ಕೈ ಸೋಕಿದರೆ ಸಾಕು, ಆ ಪೈಲ್ವಾನ ಹುಡುಗಿ ದೊಪ್ಪನೆ ನೆಲಕ್ಕೆ ಬೀಳುತ್ತಿದ್ದಳು.

ಸಂಜೆ ಅವಳನ್ನು ಘಟಪ್ರಭಾದ ಬಸ್ಸಿಗೆ ಬಿಟ್ಟು ಬರುವ ಕೆಲಸ ಸುಶಾಂತನದು. ಹಾಗೆಂದು ಯಾರೂ ಹೇಳಿರಲಿಲ್ಲ. ಒಡ್ಡು ಕಟ್ಟಿ ನಿಲ್ಲಿಸಿದ ನದಿನೀರಿನ ದಂಡೆಗುಂಟ ಇಬ್ಬರೂ ನಡೆಯುವರು. ಕೊಕ್ಕರೆಗಳು ಗೂಡಿಗೆ ಮರಳುವ ಹೊತ್ತು.

“ನಿಮಗ ಇನ್ನೂ ಸಿಟ್ಟೈತೇನ್ರಿ ನನ್ನ ಮ್ಯಾಲ?”

“ಸಿಟ್ಟಿಲ್ಲ.”

“ಮತ್ತ ಮಾತಾಡುವಾಗ ಕೊಕ್ಕರಿ ಕಡೆ ಯಾಕ ನೋಡ್ತೀರಿ?”

ಅವನು ಅವಳ ಕಡೆ ತಿರುಗಿದ. ಅವಳು ನಕ್ಕು ಮುಂದೆ ನಡೆದಳು.

ಹುಕ್ಕೇರಿಯಲ್ಲಿ ನಡೆಯಲಿದ್ದ ಕುಸ್ತಿ ಆಯ್ಕೆಯ ಬಗ್ಗೆ ಅವಳು ಅವನಿಗೆ ಹೇಳಿದ್ದು ಆ ದಾರಿಯಲ್ಲೇ. ಗೆದ್ದವರು ರಾಜ್ಯ ತಂಡಕ್ಕೆ, ಅಲ್ಲಿಂದ ಹರಿಯಾಣದ ಕ್ಯಾಂಪಿಗೆ. ಹೋದ ವರ್ಷ ಮೊಣಕಾಲು ತಿರುಚಿ ತಪ್ಪಿತ್ತು. ಈ ಸಲವೂ ತಪ್ಪಿದರೆ ಮದುವೆ ಮಾಡಿಬಿಡುವುದಾಗಿ ಅಪ್ಪ ಹೇಳಿದ್ದ.

“ಐವತ್ತೇಳು ಕಿಲೋದಾಗ ಇರಬೇಕ್ರಿ. ಮನ್ಯಾಗ ಉಂಡು ತಿಂದು ಇದ್ರ ಮ್ಯಾಲ ಹೋಗ್ತೇನಿ. ಅದಕ್ಕ ಹಿಂದಿನ ದಿನ ಅನ್ನ ಇಲ್ಲ, ನೀರಿಲ್ಲ. ಬಾಯಾಗ ಜೊಲ್ಲ ಇದ್ರ ಅದನ್ನೂ ಉಗುಳಿ ಬಿಡೂದು.”

“ಇಷ್ಟು ಯಾಕ ಕಷ್ಟಪಡ್ತೀರಿ?”

“ಮ್ಯಾಟಿನ ಮ್ಯಾಲ ನಿಂತಾಗ ನಾ ಯಾರ ಮಗಳೂ ಅಲ್ಲ, ಯಾರ ಸೊಸಿನೂ ಅಲ್ಲ ಅನಸತೈತ್ರಿ. ಬರೇ ಪಾರವ್ವ.”

ಬಸ್ ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತು, ಬಸ್ ತಿರುವು ದಾಟುವವರೆಗೂ ಅವನನ್ನೇ ನೋಡುತ್ತಿದ್ದಳು. ಆ ಸಂಜೆ ಅವನೂ ಕೊಕ್ಕರೆಗಳ ಕಡೆ ನೋಡಲಿಲ್ಲ.

ಹುಕ್ಕೇರಿಯ ಆಯ್ಕೆಗೆ ಒಂದು ದಿನ ಮುಂಚೆ, ಬೆಳಗ್ಗೆ, ಆಮ್ರುವಿನ ಮೂಗಿನಿಂದ ರಕ್ತ ಬರತೊಡಗಿತು.

ಹಿಂದಿನ ವಾರ ಕೊಟ್ಟ ಇಂಜೆಕ್ಷನ್ನಿಗೆ ರಕ್ತದ ಕಣಗಳು ಕುಸಿಯುತ್ತವೆ ಎಂದು ಡಾಕ್ಟರು ಹೇಳಿದ್ದರು. ಇಷ್ಟು ಕುಸಿಯುತ್ತವೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಸಂಘಮಿತ್ರಾ ಹಿಡಿದ ಟವೆಲ್ ತೊಯ್ದಿತು, ಎರಡನೆಯದೂ ತೊಯ್ದಿತು. ಗೋಕಾಕದ ಆಸ್ಪತ್ರೆಯಲ್ಲಿ ಮೂಗಿಗೆ ಬಟ್ಟೆ ತುರುಕಿ, ತಡಮಾಡದೆ ಬೆಳಗಾವಿಗೆ ಒಯ್ಯಿರಿ ಅಂದರು. ದಾರಿಯುದ್ದಕ್ಕೂ ಆಮ್ರು ಮಾಮಾನ ತೊಡೆಯ ಮೇಲೆ ಕೂತಿದ್ದಳು. ಮೊದಮೊದಲು ಅಳುತ್ತಿದ್ದಳು. ಆಮೇಲೆ ಅಳುವುದನ್ನೂ ನಿಲ್ಲಿಸಿದಳು. ಅದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತು.

“ಪ್ಲೇಟ್‌ಲೆಟ್ ಹಾಕಬೇಕು. ಬಿ ನೆಗೆಟಿವ್, ನಮ್ಮಲ್ಲಿ ಈಗ ಇಲ್ಲ. ಒಬ್ಬ ದಾನಿಯನ್ನ ಕರಕೊಂಡು ಬನ್ನಿ, ಮಷಿನ್ನಿನಲ್ಲಿ ತೆಗೀತೀವಿ,” ಅಂದರು ಡಾಕ್ಟರು. “ಸಂಜೆಯೊಳಗೆ ಬೇಕು. ರಕ್ತ ತಲೆಯೊಳಗೆ ಇಳಿದರೆ ನಮ್ಮ ಕೈಯಲ್ಲಿ ಇರಲ್ಲ.”

ಸುಶಾಂತನದೂ ಅದೇ ಗುಂಪು. ಆದರೆ ಹೋದ ತಿಂಗಳಷ್ಟೇ ಕೂಸಿಗಾಗಿ ರಕ್ತ ಕೊಟ್ಟಿದ್ದ. ಈಗ ತೆಗೆಯುವುದಿಲ್ಲ ಅಂದರು. ಸಂಘಮಿತ್ರಾಳ ಮೈಯಲ್ಲಿ ಅವಳಿಗೇ ರಕ್ತ ಸಾಲದು. ಭಾವ ಗುಜರಾತಿನ ದಾರಿಯಲ್ಲಿದ್ದ. ಸುಶಾಂತ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದ. ಪಾರವ್ವನದು ಬಿ ನೆಗೆಟಿವ್ ಎಂದು ದಂಡೆಯ ದಾರಿಯಲ್ಲಿ ಒಮ್ಮೆ ಅವಳೇ ಹೇಳಿದ್ದಳು. ಅವಳ ಹೆಸರಿನ ಮೇಲೆ ಬೆರಳು ಎರಡು ಸಲ ಹೋಯಿತು. ಎರಡು ಸಲವೂ ಹಿಂದೆ ಬಂತು. ನಾಳೆ ಅವಳ ಆಯ್ಕೆ.

ಮಧ್ಯಾಹ್ನದ ಹೊತ್ತಿಗೆ ಬ್ಲಡ್ ಬ್ಯಾಂಕಿನ ಮುಂದಿನ ಬೆಂಚಿನಲ್ಲಿ ತಲೆ ಹಿಡಿದು ಕೂತಿದ್ದವನ ಎದುರು ಒಂದು ಜೊತೆ ಬೂಟು ಬಂದು ನಿಂತವು.

“ನನಗ್ಯಾಕ ಫೋನ್ ಮಾಡಲಿಲ್ಲ?”

ಪಾರವ್ವ! ತುಟಿ ಒಣಗಿ ಬಿರಿದಿತ್ತು. ಕೆನ್ನೆ ಒಳಗೆ ಹೋಗಿತ್ತು. ಬೆಂಕಿ ಇದ್ದದ್ದು ಕಣ್ಣಲ್ಲಿ ಮಾತ್ರ.

“ನಿಮ್ಮ ಅಕ್ಕ ಸ್ಟೇಟಸ್ ಹಾಕ್ಯಾರ. ಅದನ್ನ ನೋಡಿ ಹುಕ್ಕೇರಿಯಿಂದ ಬಸ್ ಹತ್ತಿ ಬಂದೇನಿ. ನೀವು ಯಾಕ ಮಾಡಲಿಲ್ಲ, ಹೇಳ್ರಿ.”

“ನಾಳೆ ನಿಮ್ಮ…”

“ಅದು ನಾ ನೋಡ್ಕೋತೇನಿ,” ಅಂದು ಒಳಗೆ ಹೋದಳು.

ತೋಳು ಮುಟ್ಟಿ ನೋಡಿದ ಟೆಕ್ನಿಷಿಯನ್ ಹೆಂಗಸು ಹುಬ್ಬು ಗಂಟಿಕ್ಕಿದರು. “ನರ ಸಿಗ್ತಾನೇ ಇಲ್ಲ. ಊಟ ಯಾವಾಗ ಮಾಡಿದ್ದು?”

“ನಿನ್ನೆ.”

“ನೀರು?”

ಪಾರವ್ವ ಇಲ್ಲವೆಂದು ತಲೆಯಾಡಿಸಿದಳು.

“ಹಿಂಗೆ ಬಂದರೆ ಆಗಲ್ಲಮ್ಮ. ಚೆನ್ನಾಗಿ ನೀರು ಕುಡೀಬೇಕು, ಊಟ ಮಾಡಬೇಕು. ಆಮೇಲೆ ನೋಡೋಣ. ಇಲ್ಲಾಂದ್ರೆ ಬೇರೆ ದಾನಿ ಹುಡುಕಿ.”

ಹೊರಗೆ ಕ್ಯಾಂಟೀನಿನ ಕಟ್ಟೆಯ ಮೇಲೆ ಸುಶಾಂತ ಒಂದು ತಟ್ಟೆ ಉಪ್ಪಿಟ್ಟು, ಬಾಳೆಹಣ್ಣು, ನೀರಿನ ಬಾಟಲಿ ತಂದಿಟ್ಟ. ಇಟ್ಟ ಮೇಲೆ ಅವನಿಗೆ ಅರ್ಥವಾಯಿತು. ತಟ್ಟೆಯನ್ನು ಮತ್ತೆ ತನ್ನ ಕಡೆ ಎಳೆದುಕೊಂಡ.

“ನಾಳೆ ಮುಂಜಾನೆ ಕಾಟಾದ ಮ್ಯಾಲ ನಿಂದರೂದೈತಿ ನಿಮಗ.”

“ಹೌದು.”

“ಇದನ್ನ ತಿಂದ್ರ ತೂಕ ಕೂಡಂಗಿಲ್ಲ.”

“ಕೂಡಂಗಿಲ್ಲ.”

“ಬ್ಯಾಡ್ರಿ ಪಾರವ್ವ. ಇನ್ನೊಬ್ಬರು ಸಿಗ್ತಾರ. ನಾ ಹುಡುಕ್ತೇನಿ.”

“ಸಿಗಲಿಲ್ಲಂದ್ರ?”

ಮೇಲಿನ ಮಹಡಿಯಲ್ಲಿ ಆಮ್ರುವಿನ ಮೂಗಿನ ಬಟ್ಟೆ ಮತ್ತೆ ಕೆಂಪಾಗಿತ್ತು ಎಂದು ಈಗಷ್ಟೇ ಅಕ್ಕನ ಫೋನ್ ಬಂದಿತ್ತು.

“ತಟ್ಟಿ ಈ ಕಡೆ ಕೊಡ್ರಿ,” ಪಾರವ್ವನ ದನಿ ಮೆತ್ತಗಾಯಿತು. “ಆಯ್ಕೆ ಮತ್ತ ಬರತೈತಿ.”

ಅವನು ತಟ್ಟೆ ಸರಿಸಿದ. ಬಾಟಲಿಯ ಮುಚ್ಚಳ ತೆಗೆದು ಅವಳ ಕೈಗಿತ್ತ. ಅವಳು ಅವನನ್ನೇ ನೋಡುತ್ತ ಮೊದಲ ಗುಟುಕು ಕುಡಿದಳು. ಒಂದು ದಿನದಿಂದ ನೀರು ಕಾಣದ ಗಂಟಲು ಆ ನೀರನ್ನು ನುಂಗುವುದನ್ನು ಅವನು ನೋಡಿದ. ಆ ಒಂದು ಗುಟುಕಿನಲ್ಲಿ ಅವಳ ವರ್ಷವೊಂದು ಹೋಯಿತು ಎಂದು ಅವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಬಾಟಲಿ ಖಾಲಿ ಮಾಡಿ ಅವಳು ತಟ್ಟೆಗೆ ಕೈ ಹಾಕಿದಳು.

“ಉಪ್ಪಿಟ್ಟಿಗಿ ಉಪ್ಪ ಕಡಿಮಿ ಐತಿ,” ಅಂದಳು ಕೊನೆಗೆ. ಅವನು ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನರ ಸಿಕ್ಕಿತು. ಪರೀಕ್ಷೆಗಳೆಲ್ಲ ಸರಿ ಬಂದವು. ಕುರ್ಚಿಯಲ್ಲಿ ಅವಳನ್ನು ಒರಗಿಸಿ, ತೋಳಿಗೆ ಸೂಜಿ ಚುಚ್ಚಿ, ಹಿಸುಕಲು ಕೈಗೊಂದು ಮೆತ್ತನೆಯ ಚೆಂಡು ಕೊಟ್ಟರು. ಯಂತ್ರ ಗರಗರ ತಿರುಗಿತು. ಪಕ್ಕದಲ್ಲಿ ತೂಗುಬಿಟ್ಟ ಚೀಲದಲ್ಲಿ ತಿಳಿಹಳದಿ ಬಣ್ಣದ್ದು ನಿಧಾನವಾಗಿ ತುಂಬತೊಡಗಿತು.

“ಸುಶಾಂತ…”

ಅವಳು ಅವನನ್ನು ಹೆಸರು ಹಿಡಿದು ಕರೆದದ್ದು ಇದೇ ಮೊದಲು. ಅವನು ಗಾಬರಿಯಿಂದ ಬಗ್ಗಿದ. “ಏನಾತ್ರಿ? ತಲಿ ತಿರಗಾಕತ್ತೈತೇನು?”

“ಇಲ್ಲ. ತುಟಿ ಜುಮ್ ಜುಮ್ ಅನ್ನಾಕತ್ತಾವು.”

ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವಳಿಗೆ ಹೊಳೆಯಿತು. ಅವನಿಗೂ ಹೊಳೆಯಿತು. ಆ ಒಣಗಿದ ತುಟಿಯ ಮೇಲೆ ನಿಂತ ನೋಟವನ್ನು ಎತ್ತಿಡಲು ಅವನಿಗೆ ಜಾಗ ಸಿಗಲಿಲ್ಲ. ಅವಳ ಕೆನ್ನೆ ಕೆಂಪಾಯಿತು.

“ಹಂಗಾಗುತ್ತೆ, ಔಷಧಿ ಪ್ರಭಾವ,” ಅಂದರು ಟೆಕ್ನಿಷಿಯನ್, ಕ್ಯಾಲ್ಸಿಯಂ ಗುಳಿಗೆ ಮುಂದೆ ಹಿಡಿದು. “ಇದನ್ನ ಚೀಪಮ್ಮ. ನಾಳೆ ಪೂರ್ತಿ ವಿಶ್ರಾಂತಿ. ಈ ಕೈಯಲ್ಲಿ ಕೊಡ ಸಹ ಎತ್ತಬಾರದು.”

“ಹೂಂ,” ಅಂದಳು ಪಾರವ್ವ, ಸುಶಾಂತನ ಕಡೆ ನೋಡದೆ.

ಆ ಚೀಲ ಮೇಲೆ ಹೋಯಿತು. ಕತ್ತಲಾಗುವ ಮುನ್ನ ಆಮ್ರುವಿನ ಮೂಗಿನ ರಕ್ತ ನಿಂತಿತು. ರಾತ್ರಿಯ ಬಸ್ಸಿಗೇ ಪಾರವ್ವ ಹುಕ್ಕೇರಿಗೆ ಮರಳಿದಳು.

ಮರುದಿನ ಬೆಳಗ್ಗೆ ಕೂಸು ಎದ್ದು ಹಾಲು ಕೇಳಿದ್ದೇ ಸಂಘಮಿತ್ರಾ ತಮ್ಮನನ್ನು ಹೊರಗೆ ದಬ್ಬಿದಳು. “ಹುಕ್ಕೇರಿಗಿ ಹೋಗು. ಆಕೀ ಜೋಡಿ ಒಬ್ಬರರ ಇರಬೇಕು.”

ಅವನು ಮುಟ್ಟುವ ಹೊತ್ತಿಗೆ ತೂಕದ ಶಾಸ್ತ್ರ ಮುಗಿದಿತ್ತು. ಐವತ್ತೇಳು ಕಿಲೋದ ಮಿತಿಯಲ್ಲಿ ಪಾರವ್ವನ ತೂಕ ಕೂಡಿರಲಿಲ್ಲ. ಅವಳ ವಸ್ತಾದ ಬಸವಲಿಂಗ, ಹನ್ನೆರಡನೆಯ ವಯಸ್ಸಿನಿಂದ ಅವಳಿಗೆ ಕುಸ್ತಿ ಕಲಿಸಿದ ಮುದುಕ, ಅಂಗಳದ ಅಂಚಿನಲ್ಲಿ ಕೆಂಡದಂತಾಗಿ ನಿಂತಿದ್ದ. ಸುಶಾಂತನನ್ನು ಕಂಡದ್ದೇ ಹತ್ತಿರ ಬಂದ.

“ನೀವ ಏನು ಆ ಕೂಸಿನ ಮಾಮಾ? ಕೂಸ ಹೆಂಗೈತಿ?”

“ಆರಾಮ ಐತ್ರಿ.”

ಮುದುಕ ದೊಡ್ಡ ಉಸಿರು ಬಿಟ್ಟ. “ಹಂಗಾರ ನಿಮಗ ಏನೂ ಅನ್ನಂಗಿಲ್ಲ. ಆದ್ರ ಆಕೀಗಿ ಏನ ಅನ್ಲಿ? ಮ್ಯಾಲಿನ ತೂಕದಾಗ, ಅರವತ್ತೆರಡರಾಗ ಹೆಸರ ಬರಿಸ್ಯಾಳ. ಬ್ಯಾಡ ಅಂದ್ರ ಕೇಳವಲ್ಲಳು.”

ವಿಶ್ರಾಂತಿಯ ಮಾತು ಸುಶಾಂತನ ಕಿವಿಯಲ್ಲಿ ಇನ್ನೂ ಇತ್ತು. ಓಡಿಹೋಗಿ ತಡೆಯಬೇಕೆನಿಸಿತು. ಅಷ್ಟರಲ್ಲಿ ಅವಳ ಹೆಸರು ಕೂಗಿದರು.

ಮೊದಲ ಕುಸ್ತಿ ಗೆದ್ದಳು. ಎರಡನೆಯದನ್ನೂ ಗೆದ್ದಳು, ಕಷ್ಟದಿಂದ. ಕೊನೆಯದರಲ್ಲಿ ಎದುರಾದವಳು ಅವಳಿಗಿಂತ ಅಗಲ, ಅವಳಿಗಿಂತ ಎತ್ತರ. ಸೂಜಿ ಚುಚ್ಚಿದ ಕಡೆ ಪಾರವ್ವನ ತೋಳು ನೀಲಿಗಟ್ಟಿತ್ತು. ಆ ತೋಳು ಎದುರಾಳಿಯ ಹಿಡಿತಕ್ಕೆ ಸಿಕ್ಕಾಗಲೆಲ್ಲ ಸುಶಾಂತ ಹಲ್ಲು ಕಚ್ಚುತ್ತಿದ್ದ. ಅವಳು ಎರಡು ಸಲ ಬಿಡಿಸಿಕೊಂಡು ಎದ್ದಳು. ಒಮ್ಮೆ ಎದುರಾಳಿಯ ಕಾಲು ಹಿಡಿದು ಇನ್ನೇನು ಕೆಡವಿಯೇ ಬಿಟ್ಟಳು ಅನ್ನಿಸಿತು. ಕೈಯಲ್ಲಿ ಹಿಡಿತ ನಿಲ್ಲಲಿಲ್ಲ. ಸೀಟಿ ಊದಿದಾಗ ರೆಫರಿ ಮೇಲೆತ್ತಿದ್ದು ಇನ್ನೊಬ್ಬಳ ಕೈ.

ಅಂಗಳದ ಮೂಲೆಯಲ್ಲಿ ಬೇವಿನ ಮರದ ಬುಡಕ್ಕೆ ಕೂತಿದ್ದವಳ ಹತ್ತಿರ ಸುಶಾಂತ ಹೋದ. ಎರಡೂ ಕೈ ಜೋಡಿಸಿದ.

“ನೀವು ನಮ್ಮ ಮನೀಗಿ ದೇವರಿದ್ದಂಗ. ನಿಮ್ಮ ಋಣ…”

“ಕೈ ತಗೀರಿ,” ಅಂದಳು ಪಾರವ್ವ.

ಅವನು ತಬ್ಬಿಬ್ಬಾದ.

“ದೇವರು ಸೋತು ಬಂದು ಮೂಲ್ಯಾಗ ಕುಂದ್ರಂಗಿಲ್ರಿ. ನಾ ಸೋತೇನಿ. ನನಗ ಅಳು ಬರಾಕತ್ತೈತಿ. ಒಬ್ಬರು ಬಾಜೂಕ ಬಂದು ಕುಂತ್ರ ಸಾಕಾಗಿತ್ತು.” ಅವಳು ಎದ್ದಳು. “ಆಮ್ರು ಆರಾಮ ಅದಾಳಲ್ಲ? ಅಷ್ಟ ಸಾಕು. ಹೋಗ್ರಿ.”

ಅವಳು ವಸ್ತಾದನ ಕಡೆ ನಡೆದುಹೋದಳು. ಜೋಡಿಸಿದ ಕೈ ಬಿಡುವುದನ್ನೂ ಮರೆತು ಸುಶಾಂತ ಅಲ್ಲೇ ನಿಂತ.

ಆಮೇಲೆ ಅವಳು ಧುಪದಾಳಕ್ಕೆ ಬರಲಿಲ್ಲ. ಸಂಜೆ ಸಂಘಮಿತ್ರಾಳ ಫೋನಿಗೆ ವಿಡಿಯೋ ಕಾಲ್ ಬರುತ್ತಿತ್ತು. ಆಮ್ರು ಕಿಲಕಿಲ ನಗುವುದು ಕೇಳುತ್ತಿತ್ತು. ಸುಶಾಂತ ಖೋಲಿಗೆ ಕಾಲಿಟ್ಟರೆ ಆ ಕಡೆಯಿಂದ, “ನಾಳೆ ಮಾತಾಡೋಣು ಬೇ,” ಎಂಬ ಮಾತು.

“ಆಕೀಗಿ ಏನಂದಿ ನೀ?” ಅಕ್ಕ ಕೇಳಿದಳು. ಅವನು ಹೇಳಿದ. ಸಂಘಮಿತ್ರಾ ಹಣೆ ಚಚ್ಚಿಕೊಂಡಳು. “ಋಣ ಅಂದ್ಯಾ? ಮೂರ್ಖ! ನಿನ್ನ ಕಣ್ಣಾಗ ಇರೂದು ಋಣ ಏನು? ಆಕಿ ಬರೂ ದಿನ ಅಂಗಿಗಿ ಇಸ್ತ್ರಿ ಹಾಕಿ ನಿಂದರತಿದ್ದಿ, ಅದೂ ಋಣ ಏನು?”

ಅವನು ಆ ದಿನವೆಲ್ಲ ಯೋಚಿಸಿದ. ಅವಳ ಮುಂದೆ ಹೋಗಿ ಏನೇ ಹೇಳಿದರೂ ಅದು ಕೃತಜ್ಞತೆಯಾಗಿಯೇ ಕೇಳುತ್ತದೆ. ಆಮ್ರುವಿಗೆ ಇನ್ನೂ ಎಷ್ಟೋ ಸುತ್ತಿನ ಔಷಧಿ ಬಾಕಿ. ಮತ್ತೆ ಕಣ ಕುಸಿದರೆ ಮತ್ತೆ ಅವಳೇ. ಬೇಕಾದವಳು ಒಬ್ಬಳೇ ಆಗಿರುವ ತನಕ ಪ್ರೀತಿ ಯಾವುದು, ಬೇಡಿಕೆ ಯಾವುದು ಎಂದು ಅವಳಿಗೆ ಹೇಗೆ ತಿಳಿಯಬೇಕು?

ಮರುದಿನದಿಂದ ಅವನು ಅರಭಾವಿಯ ಹಾಸ್ಟೆಲುಗಳ ಬಾಗಿಲು ತಟ್ಟತೊಡಗಿದ. ಎಂದೂ ಯಾರ ಮುಂದೂ ಮಾತಾಡದವನು ಊಟದ ಹಾಲಿನಲ್ಲಿ ಕುರ್ಚಿ ಹತ್ತಿ ನಿಂತು ಮಾತಾಡಿದ. ಕೂಸಿನ ಹೆಸರು, ಫೋಟೋ ಯಾರಿಗೂ ಕೊಡಲಿಲ್ಲ. ರಕ್ತದ ಗುಂಪು ಮಾತ್ರ ಹೇಳಿದ. ಕೆಲವರು ನಕ್ಕರು, ಕೆಲವರು ಪರೀಕ್ಷೆ ಇದೆ ಅಂದರು. ಕೆಲವರು ಬಂದರು. ಅವರ ಗೆಳೆಯರು, ಗೆಳೆಯರ ಊರಿನವರು, ಗೋಕಾಕದ ಮಿಲ್ಲಿನ ಒಬ್ಬ, ಮಮದಾಪುರದ ಒಬ್ಬ ಟೀಚರ್. ಕರೆದರೆ ಬರುವ ಬಿ ನೆಗೆಟಿವ್ ಮಂದಿ ಒಬ್ಬೊಬ್ಬರಾಗಿ ಸೇರಿದರು.

ಮುಂದಿನ ಸಲ ಆಮ್ರುವಿನ ಕಣ ಕುಸಿದಾಗ ಸುಶಾಂತನ ಒಂದೇ ಫೋನಿಗೆ ಕಾಲೇಜಿನ ಹುಡುಗ ಹನಮಂತ ಬೆಳಗಾವಿಗೆ ಬಂದು ಕುರ್ಚಿಯಲ್ಲಿ ಕೂತಿದ್ದ. ಯಂತ್ರ ತಿರುಗುತ್ತಿದ್ದಾಗ ಬ್ಲಡ್ ಬ್ಯಾಂಕಿನ ಬಾಗಿಲು ಧಡಾರನೆ ತೆರೆಯಿತು.

ಓಡಿಬಂದ ಪಾರವ್ವ ಕುರ್ಚಿಯನ್ನು ನೋಡಿದಳು, ಅದರಲ್ಲಿದ್ದ ಹುಡುಗನನ್ನು ನೋಡಿದಳು. ಬಳಿಕ ಸುಶಾಂತನನ್ನು.

ಅವನು ಅವಳ ಹಿಂದೆ ಕಾರಿಡಾರಿಗೆ ಬಂದ.

“ಆಮ್ರು ಫೋನ್ ಎತ್ತಲಿಲ್ಲ. ಓಣಿಯವರನ್ನ ಕೇಳಿದ್ರ ದವಾಖಾನಿಗಿ ಹೋಗ್ಯಾರ ಅಂದ್ರು,” ಅವಳು ಗೋಡೆಗೆ ಒರಗಿದಳು. “ಹರಿಯಾಣದ ಕ್ಯಾಂಪಿಗಿ ಹೋದಾಕೀಗಿ ಭುಜ ಮುರದೈತಿ. ಎರಡನೇದಾಕಿ ಅಂತ ನನ್ನ ಕರದಾರ. ನಾಳೆ ಹೊರಡಬೇಕು. ನಾ ಬರಂಗಿಲ್ಲ ಅಂತ ಹೇಳೂದೈತಿ, ಯಾಕಂದ್ರ ಇಲ್ಲಿ ಕೂಸಿಗಿ…” ಮಾತು ತುಂಡಾಯಿತು. “ಈಗ ನೋಡಿದ್ರ ನೀವು ಬ್ಯಾರೆಯವರನ್ನ ಕುಂದ್ರಿಸೀರಿ. ಹಂಗಾರ ನಾ ಬ್ಯಾಡಾದ್ನ್ಯಾ?”

“ರಕ್ತಕ್ಕ ಬ್ಯಾಡ್ರಿ,” ಅಂದ ಸುಶಾಂತ.

ಅವಳ ಮುಖ ಬಿಳಿಚಿತು. ಅವನು ಒಂದು ಹೆಜ್ಜೆ ಮುಂದೆ ಬಂದ. ಈ ಸಲ ಕೈ ಜೋಡಿಸಲಿಲ್ಲ, ನೋಟ ತಪ್ಪಿಸಲಿಲ್ಲ.

“ನನಗ ಬೇಕು.”

ಕಾರಿಡಾರಿನಲ್ಲಿ ಯಾರೋ ಸ್ಟ್ರೆಚರ್ ತಳ್ಳಿಕೊಂಡು ಹೋದರು. ಇಬ್ಬರೂ ಗೋಡೆಗೆ ಸರಿದು ನಿಂತರು.

“ಏನಂದ್ರಿ?”

“ಕೂಸಿಗಿ ಕೊಡಾಕ ಈಗ ಮಂದಿ ಅದಾರ. ನೀವು ಇನ್ನೊಮ್ಮಿ ಕೊಡದಿದ್ರೂ ನಡೀತೈತಿ. ಏನೂ ಕೊಡದ ಸುಮ್ಮ ಬಂದು ಕುಂತ್ರೂ ನೀವು ನನಗ ಬೇಕು. ಇದು ಋಣ ಅಲ್ಲ ಅಂತ ನಿಮಗ ಹೆಂಗ ಹೇಳ್ಲಿ ಅಂತ ತಿಳೀಲಿಲ್ಲ. ಅದಕ್ಕ ಮೊದಲ ಮಂದೀನ ಹುಡುಕಿದೆ.”

ಪಾರವ್ವ ಅವನನ್ನು ನೋಡಿದಳು. ಕಣ್ಣಂಚಿನಲ್ಲಿ ನೀರಿತ್ತು.

“ಹಂಗಾರ ಕ್ಯಾಂಪಿಗಿ ಹೋಗಬ್ಯಾಡ ಅನ್ರಿ.”

“ಅನ್ನಂಗಿಲ್ಲ. ಹೋಗಬೇಕು ನೀವು. ಮ್ಯಾಟಿನ ಮ್ಯಾಲ ನಿಂದರಬೇಕು.”

“ಹೋದ್ರ ಭಾಳ ತಿಂಗಳ ಆಕ್ಕಾವು.”

“ಆಗ್ಲಿ.”

“ಅಪ್ಪಗ ಹೇಳಬೇಕು. ಅಂವ ಸುಮ್ಮನ ಒಪ್ಪಂಗಿಲ್ಲ. ನಿಮ್ಮ ಓಣಿ, ನಮ್ಮ ಓಣಿ ಅಂತಾನ.”

“ಗೊತ್ತೈತಿ. ನಾನೂ ಬರ್ತೇನಿ ಹೇಳಾಕ.”

“ಕುಸ್ತಿ ಆಡ್ತೇನಿ ಅಂದಾಗೂ ಒಪ್ಪಿರಲಿಲ್ಲ,” ಅಂದಳು ಪಾರವ್ವ, ಮೂಗು ಒರೆಸಿಕೊಂಡು. “ಆಮ್ಯಾಲ ಹೊಲಾ ಬಿಟ್ಟು ನನ್ನ ಕುಸ್ತಿ ನೋಡಾಕ ಬರ್ತಿದ್ದ.” ಅವಳು ಕೈ ಚಾಚಿ ಅವನ ಅಂಗಿಯ ತೋಳಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದಳು. ಹನಮಂತನ ಚೀಲ ತುಂಬಿತು ಎಂದು ಒಳಗಿನಿಂದ ಕೂಗುವವರೆಗೂ ಬಿಡಲಿಲ್ಲ.

ಮರುದಿನ ಘಟಪ್ರಭಾ ಸ್ಟೇಷನ್ನಿನಲ್ಲಿ ಮಿರಜ ಕಡೆಯ ರೈಲು ನಿಂತಿತ್ತು. ಸಂಘಮಿತ್ರಾ ಆಸ್ಪತ್ರೆಯಿಂದ ವಿಡಿಯೋ ಕಾಲಿನಲ್ಲಿ ಆಮ್ರುವನ್ನು ತೋರಿಸಿದಳು. ಕೂಸಿನ ಮುಖದಲ್ಲಿ ಸ್ವಲ್ಪ ಬಣ್ಣ ಬಂದಿತ್ತು. ಇನ್ನೂ ದಾರಿ ದೂರ ಇದೆ ಅಂದಿದ್ದರು ಡಾಕ್ಟರು. ಸರಿಯಾದ ದಾರಿಯಲ್ಲೇ ಇದ್ದಾಳೆ ಅಂತಲೂ ಅಂದಿದ್ದರು.

ವಸ್ತಾದ ಬಸವಲಿಂಗ ಚೀಲ ಒಳಗಿಟ್ಟು, ಏನೋ ನೆನಪಾದವನಂತೆ ಚಹಾದ ಗಾಡಿಯ ಕಡೆ ಹೋದ. ಪಾರವ್ವ ಡಬ್ಬಿಯ ಬಾಗಿಲಲ್ಲಿ ನಿಂತಳು, ಸುಶಾಂತ ಕೆಳಗೆ.

“ಹೋಗಿ ಬರ್ರಿ,” ಅಂದ.

“ಇನ್ನೂ ‘ರಿ’ ಅಂತೀರಲ್ಲ.”

“ನೀವೂ ಅನ್ನಾಕತ್ತೀರಿ.”

ಅವಳು ನಕ್ಕಳು. ಸೀಟಿ ಊದಿತು. ರೈಲು ಜಗ್ಗಿ ಚಲಿಸಿತು. ಅವನು ಜೊತೆಗೆ ನಡೆದ, ನಡಿಗೆ ಓಟವಾಯಿತು. ಹೇಳಬೇಕಾದ್ದು ಎಷ್ಟೋ ಇತ್ತು, ಪ್ಲಾಟ್‌ಫಾರ್ಮ್ ಮುಗಿಯುತ್ತ ಬಂದಿತ್ತು.

“ಮುಟ್ಟಿದ ಕೂಡ್ಲೆ ಫೋನ್ ಮಾಡು, ಪಾರೂ!”

ಚಹಾದವನು, ಹಮಾಲಿಗಳು, ವಸ್ತಾದ, ಎಲ್ಲರೂ ತಿರುಗಿ ನೋಡಿದರು. ಬಾಗಿಲ ಸರಳು ಹಿಡಿದು ಹೊರಗೆ ಬಾಗಿದ್ದ ಪಾರವ್ವನ ಮುಖ ಇಡೀ ಅರಳಿತು.

“ಮಾಡ್ತೇನಿ ಹೋಗೋ!” ಎಂದು ಕೂಗಿದಳು.

ಕೊನೆಯ ಡಬ್ಬಿ ಇನ್ನೂ ಕಣ್ಣಿಗೆ ಕಾಣುತ್ತಿರುವಾಗಲೇ ಸುಶಾಂತನ ಜೇಬಿನಲ್ಲಿ ಮೊಬೈಲ್ ರಿಂಗಾಯಿತು. ಪರದೆಯ ಮೇಲೆ ಪಾರವ್ವನ ಹೆಸರು.